ಕುಕ್ಕರಿನಲ್ಲಿ ಮೊಲ

ಹಿನಕಲ್, ಮೈಸೂರು
ಬುಧವಾರ, 12-2-2025

ನನ್ನ ಬಿಂದುಶ್ರೀಗೆ, ಅತ್ತೆಯ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯಮ್ಮಾ? ಪರೇಡ್ ಮಾಡಿ ಊದಿಕೊಂಡಿದ್ದ ಪಾದ ಇಳಿಯಿತೇ? ಕಲಬುರಗಿಯಲ್ಲಿ ಆಗಲೇ ಬಿಸಿಲು ಸುಡುತ್ತಿದೆಯಂತೆ. ಮಜ್ಜಿಗೆ ಸಿಕ್ಕರೆ ಬಿಡಬೇಡ. ಪೊಲೀಸ್ ಆಗುವವಳಿಗೆ ಅತ್ತೆ ಬುದ್ಧಿ ಹೇಳುತ್ತಾಳೆ ಎಂದು ನಗಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಗಂಡನೆಂಬ ನನ್ನ ಮಗ ಸುನಿಲ ಈಗ ಅಡುಗೆ ಕಲಿಯುತ್ತಿದ್ದಾನೆ. ಗಂಜಿಯೋ ಅನ್ನವೋ ಎಂದು ಕೇಳದೆ ಉಣ್ಣುತ್ತಿದ್ದೇನೆ.

ಈ ಕಾಗದ ಬರೆಯಲು ಬೆಳಗಿನಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಿನ್ನ ಮಗಳು ಸಿಂಚನಾಳ ವಿಷಯ. ಗಾಬರಿಯಾಗಬೇಡ, ಜ್ವರಗಿರ ಏನೂ ಇಲ್ಲ. ಅವಳಿಗೆ ಓದು ಬೇಸರವಾಗಬಾರದೆಂದು ನೀನು ತರಬೇತಿಗೆ ಹೊರಡುವ ಮೊದಲು ಮೊಲದ ಪುಸ್ತಕವನ್ನು ಓದಿ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ಹೋದೆಯಲ್ಲ. ಪುಟಪುಟಕ್ಕೂ “ಮೊಲ ಎಲ್ಲಿ ಅವಿತಿದೆ ಹೇಳು” ಎಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು, “ಹೌದು, ಜಾಣೆ” ಎನ್ನುತ್ತೀಯಲ್ಲ. ಮೊದಮೊದಲು ಅವಳ ಸಂಭ್ರಮ ನೋಡಬೇಕಿತ್ತು. ಚಿತ್ರದ ಮೇಲೆ ಬೆರಳಿಟ್ಟು ಬೀದಿಗೆಲ್ಲ ಕೇಳುವಂತೆ ಉತ್ತರ ಕೂಗುತ್ತಿದ್ದಳು. ಹೋದ ವಾರ ಏನನ್ನಿಸಿತೋ, ಮೊಲ ಕುಕ್ಕರಿನಲ್ಲಿದೆ ಎಂದಳು. ಫೋನು “ಹೌದು, ಜಾಣೆ” ಎಂದಿತು. ಮುಂದಿನ ಪುಟಕ್ಕೆ ಬಾಯಿಯೇ ಬಿಡದೆ ಕೂತಳು. ಅದಕ್ಕೂ ಜಾಣೆ. ಕೋಲೆಬಸವನ ಹಾಗೆ ಎಲ್ಲದಕ್ಕೂ ಹೂಂಗುಟ್ಟಿದರೆ ಐದು ವರ್ಷದ ಮಗುವಿಗೆ ತಿಳಿಯುವುದಿಲ್ಲವೇ? ಪುಸ್ತಕ ಮುಚ್ಚಿ, “ಅಮ್ಮಂಗೆ ನಾನೇಳೋದು ಕೇಳಿಸ್ತಾನೇ ಇಲ್ಲ ಕಣಜ್ಜಿ” ಎಂದಳು. ಆಮೇಲೆ ಪುಸ್ತಕದ ಕಡೆ ತಿರುಗಿಯೂ ನೋಡಲಿಲ್ಲ. ಭಾನುವಾರ ನೀನು ಫೋನ್ ಮಾಡಿದಾಗ ಮಲಗಿದ್ದಾಳೆ ಎಂದೆನಲ್ಲ, ಮಲಗಿರಲಿಲ್ಲ. ಬಾಗಿಲ ಹಿಂದೆ ನಿಂತು ಬರುವುದಿಲ್ಲ ಎಂದು ತಲೆಯಾಡಿಸಿದಳು. ವಾರಕ್ಕೊಂದೇ ಸಲ ಫೋನ್ ಕೈಗೆ ಸಿಗುವ ನಿನಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ನಿನ್ನೆ ನಾನೇ ಕನ್ನಡಕ ಏರಿಸಿ ಆ ಪುಸ್ತಕ ಓದಿದೆ. ಅವಳು ಎಲ್ಲೋ ನೋಡುತ್ತಾ ಕೂತಿದ್ದಳು. ಮೊಲ ಎಲ್ಲಿ ಎಂದು ಕೇಳಿದೆ. ಕುಕ್ಕರಿನಲ್ಲಿ ಎಂದು ಹೇಳಿ ನನ್ನ ಮುಖವನ್ನೇ ದಿಟ್ಟಿಸಿದಳು. “ಅಲ್ಲಿ ಕೂತ್ರೆ ಮೂರ್ ವಿಷಲ್‌ಗೆ ಸಾರಾಗೋಯ್ತದೆ ಕಣೆ, ಸರಿಯಾಗ್ ನೋಡು” ಎಂದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ತೊಡೆಯೇರಿ, ಚಿತ್ರದ ಕೆಳಗಿನ ಅಕ್ಷರಗಳ ಮೇಲೆ ಬೆರಳು ಎಳೆಯುತ್ತಾ “ಪೊ... ದೆ” ಎಂದು ತಾನೇ ಓದಿದಳು. ನೀನಿರಬೇಕಿತ್ತಮ್ಮಾ.

ಸುನಿಲ ಇದನ್ನು ಅಂಚೆಗೆ ಹಾಕಲು ಗಾಡಿ ಹತ್ತಿ ಹಾರ್ನ್ ಹೊಡೆಯುತ್ತಿದ್ದಾನೆ. ಮನೆದೇವರು ನಿನ್ನ ಕಾಲಿಗೆ ಬಲ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅತ್ತೆ,
ಪುಟ್ಟತಾಯಮ್ಮ

ಇದೊಂದು ಮರೆತಿದ್ದೆ: ಈ ಭಾನುವಾರ ಅವಳನ್ನು ಫೋನಿನ ಹತ್ತಿರ ಕರೆತರುವ ಹೊಣೆ ನನ್ನದು. ನೀನು ಮೊಲ ಎಲ್ಲಿ ಎಂದು ಕೇಳು. ಬೇಕೆಂದೇ ತಪ್ಪು ಹೇಳುತ್ತಾಳೆ. ಜಾಣೆ ಅನ್ನಬೇಡ. ತಪ್ಪು ಅನ್ನು, ಜಗಳಕ್ಕೆ ನಿಲ್ಲು. ನೀನು ಜಗಳವಾಡಿದರೇನೇ ತನ್ನ ಮಾತು ಅಮ್ಮನಿಗೆ ಕೇಳಿಸಿತೆಂದು ಅವಳು ನಂಬುವುದು.