ಅಕ್ಕನ ಕಥೆಗೆ ಬಂದ ಬಹುಮಾನ

ನವಲಗುಂದ
೨೪-೧೧-೧೯೭೪

ತೀರ್ಥರೂಪ ಸಮಾನಳಾದ ದ್ವಾರಕಾ ಅಕ್ಕನಿಗೆ ತಮ್ಮ ಪ್ರಭಂಜನನ ನಮಸ್ಕಾರಗಳು.

ಸುಖವಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ದೀಪಾವಳಿಯ ಅಕ್ಕನ ತದಿಗಿಗೆ ಕುಂದಗೋಳಕ್ಕೆ ಬರಲಿಲ್ಲ, ಒಂದು ಕಾರ್ಡೂ ಹಾಕಲಿಲ್ಲ. ಶಾಲೆಯಲ್ಲಿ ಕೆಲಸವಿದೆ ಎಂದು ಅವ್ವನಿಗೆ ಸುಳ್ಳು ಹೇಳಿದೆ. ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ.

ಯುವ ಕಥೆಗಾರರ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದದ್ದು ನಿನಗೆ ಗೊತ್ತು. ಕಥೆ ಯಾರದು ಎಂಬುದೂ ಈಗ ಗೊತ್ತು. ಎರಡು ಬಸಿರು ನಿಲ್ಲದೆ ಹೋಗಿ, ನೀನು ವರ್ಷವಿಡೀ ಮೊರಬದಲ್ಲಿ ನಮ್ಮ ಮನೆಯಲ್ಲಿದ್ದೆಯಲ್ಲ, ಆಗಲೇ ಬರೆದು ಕಳಿಸಿದ್ದೆ. ಹೆಸರು ಬದಲಿಸಿದರೆ ಸಾಕು ಅಂದುಕೊಂಡಿದ್ದೆ. ಆದರೆ ನಿನ್ನ ಮೊದಲ ಬಸಿರಿನಲ್ಲಿ ಅಪ್ಪ ಕಲಘಟಗಿಯಿಂದ ತಂದ ಬಣ್ಣದ ತೊಟ್ಟಿಲು, ಅದರಲ್ಲಿ ಅವ್ವ ಒಣಮೆಣಸಿನಕಾಯಿ ತುಂಬಿಟ್ಟದ್ದು, ಇದನ್ನು ಬಿಡಲು ಮನಸ್ಸಾಗಲಿಲ್ಲ. ಹುಬ್ಬಳ್ಳಿಯ ಸಭೆಯಲ್ಲಿ ತೀರ್ಪುಗಾರರು ಹೊಗಳಿದ್ದೂ ಅದನ್ನೇ. ನಾನು ಹಾರ ಹಾಕಿಸಿಕೊಂಡು ನಗುತ್ತ ಕೂತಿದ್ದೆ.

ದೀಪಾವಳಿ ಸಂಚಿಕೆಯಲ್ಲಿ ಕಥೆ ಅಚ್ಚಾದ ಮೇಲೆ ಅವ್ವ ಓದಿದಳು. ಅಟ್ಟ ಹತ್ತಿ ತೊಟ್ಟಿಲಿನ ಮೆಣಸಿನಕಾಯಿಯನ್ನೆಲ್ಲ ಚೀಲಕ್ಕೆ ಸುರಿದಳು.

ಹೋದ ಸೋಮವಾರ ವೆಂಕಣ್ಣ ಭಾವ ನಮ್ಮ ಶಾಲೆಗೆ ಬಂದಿದ್ದರು. ನಿನಗೆ ಹೇಳಿದ್ದಾರೋ ಇಲ್ಲವೋ. ದಸರೆಗೆ ತಾವೇ ಬಂದು ನಿನ್ನನ್ನು ಕರೆದುಕೊಂಡು ಹೋದ ಮನುಷ್ಯ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ನೆರೆಯವರು ಕಥೆ ಓದಿ ಹೇಳಿದಂದಿನಿಂದ ನಿಮ್ಮ ಅತ್ತೆ ನಿನ್ನೊಡನೆ ಮಾತು ಬಿಟ್ಟಿದ್ದಾರಂತೆ, ನಿನ್ನನ್ನು ಮತ್ತೆ ತವರಿಗೆ ಬಿಟ್ಟು ಬಾ ಎಂದು ಭಾವನವರಿಗೆ ಅನ್ನುತ್ತಿದ್ದಾರಂತೆ. ಕೊನೆಗೆ ಭಾವ ಅಂದರು: "ನಾ ಏನು ಬಿಟ್ಟು ಬರೂದಿಲ್ಲ. ಆದ್ರ ಆಕಿ ಈಗ ನನ್ನ ಮುಂದನೂ ಬಾಯಿ ಬಿಡವಲ್ಲಳು. ಏನಾರ ಅಂದ್ರ ಅದೂ ಅಚ್ಚಾಗ್ತದಂತ ಹೆದರ್ಯಾಳ."

ಆ ಮಾತು ಕೇಳಿದ ಮೇಲೆ ಪತ್ರಿಕೆಯವರ ಹತ್ತಿರ ಹೋದೆ. ಬಹುಮಾನದ ಕಥೆಗಳನ್ನು ಪುಸ್ತಕ ಮಾಡುತ್ತಾರಂತೆ, ನನ್ನದನ್ನು ಬಿಡಿ ಎಂದು ಕೇಳಿಕೊಂಡೆ. ಪುಸ್ತಕದಿಂದ ತೆಗೆಯಲು ಒಪ್ಪಿದರು. ಮನೆಮನೆಗೆ ಹೋದ ಸಂಚಿಕೆಯನ್ನು ಯಾರು ವಾಪಸು ತರಬೇಕು?

ಬರುವ ರವಿವಾರ ಅಪ್ಪ, ನಾನು ಕುಂದಗೋಳಕ್ಕೆ ಬರುತ್ತೇವೆ. ನಿಮ್ಮ ಅತ್ತೆಯವರ ಕಾಲಿಗೆ ಬೀಳುತ್ತೇನೆ. ನಿನಗೆ ಮನಸ್ಸಿಲ್ಲದಿದ್ದರೆ ಒಳಗೇ ಇರು ಅಕ್ಕಾ, ನಾನು ಕರೆಯುವುದಿಲ್ಲ. ಗುರುರಾಯರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಪ್ರಭಂಜನ

ತಾ.ಕ.: ಭಾವನವರಿಗೂ ಹೇಳಲಾಗದ್ದು ಒಂದಿದೆ. ಕಥೆಯ ಕೊನೆಯ ಮಾತು ನಿನ್ನದೇ. ಅಂದು ಹಿತ್ತಲಲ್ಲಿ ಅಳುತ್ತ ಕೂತು ನೀನು, "ಕೂಸು ಹೋದದ್ದಕ್ಕಲ್ಲೋ, ಏನು ಹೆಸರಿಡಬೇಕಂತ ಮಾಡಿದ್ದೆ ಅಂತ ಯಾರೂ ಕೇಳಲೇ ಇಲ್ಲ" ಅಂದೆ. "ಏನಂದಿ ಅಕ್ಕಾ?" ಎಂದು ನಾನು ಕೇಳಿದೆ. ನೀನು ಅಳುತ್ತಲೇ ಇನ್ನೊಮ್ಮೆ ಹೇಳಿದೆ. ನನಗೆ ಮೊದಲನೆಯ ಸಲವೇ ಕೇಳಿಸಿತ್ತು. ಬರೆಯುವಾಗ ಒಂದು ಶಬ್ದವೂ ತಪ್ಪಬಾರದೆಂದು ಮತ್ತೆ ಹೇಳಿಸಿದೆ. ಆ ಹೆಸರು ಏನೆಂದು ಮಾತ್ರ ನಾನೂ ಕೇಳಲಿಲ್ಲ.