ಮೊಳೆಗೆ ಸಿಕ್ಕಿಸಿದ ಮಾಸ್ಕು

ಭಾನುವಾರ, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಗುಬ್ಬಿ,

ಫೋನ್ ಮಾಡಿದರೆ ನೀನು "ಹೂಂ, ಸರಿ" ಅಂತ ಎರಡೇ ಮಾತಿಗೆ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಅಕ್ಕನ ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ. ದಿನವಿಡೀ ಕನ್ನಡಕದ ಗಾಜು ಉಜ್ಜುವ ಕೈಗೆ ಪೆನ್ನು ಹಿಡಿಯುವ ಅಭ್ಯಾಸ ತಪ್ಪಿದೆ. ನಡುವೆ ಸಿಟ್ಟು ಬಂದರೆ ಹರಿಯಬೇಡ, ಮಡಿಸಿಟ್ಟು ಆಮೇಲೆ ಓದು.

ಮೊನ್ನೆ ನಿನ್ನ ಹೆಂಡತಿ ಅಂಗಡಿಗೆ ಬಂದಿದ್ದಳು, ಮಗಳ ಕನ್ನಡಕದ ಕಡ್ಡಿ ಮುರಿದಿತ್ತಂತೆ. ನಾನು ಕಡ್ಡಿ ಕೂರಿಸುವಷ್ಟರಲ್ಲಿ ಎಲ್ಲ ಹೇಳಿದಳು. ಅಪ್ಪ ಹೋಗಿ ಎರಡು ವರ್ಷವಾದರೂ, ನಿನಗೆ ಒಂದು ಸೀನು ಬಂದರೆ ಸಾಕು, ಮನೆ ಬಿಟ್ಟು ನೀನು ರಿಪೇರಿ ಮಾಡುವ ಲಿಫ್ಟಿನ ಮೆಷಿನ್ ರೂಮಿಗೆ ಹೋಗಿ ಎರಡೆರಡು ದಿನ ಅಲ್ಲೇ ಇರುತ್ತೀಯಂತೆ. ಯಾಕೆ ಅಂತ ಕೇಳಿದರೆ, "ಅಪ್ಪನನ್ನ ಕೊಂದಿದ್ದು ಸಾಕು" ಅಂದೆಯಂತೆ.

ಗುಬ್ಬಿ, ಅಪ್ಪನಿಗೆ ಆ ಕಾಯಿಲೆ ತಂದದ್ದು ನೀನಲ್ಲ, ನಾನು.

ಆ ವರ್ಷ ಯಾರು ಯಾವ ಪಕ್ಷ ಅಂತ ಮೂತಿ ನೋಡಿದರೇ ಗೊತ್ತಾಗುತ್ತಿತ್ತು. ಕಾಯಿಲೆಯೆಲ್ಲ ಸರ್ಕಾರ ಕಟ್ಟಿದ ಕಥೆ, ಮಾಸ್ಕು ಅಂದರೆ ಬಾಯಿಗೆ ಬೀಗ ಅಂತ ನಿಮ್ಮ ನಾಯಕರು ಮೈಕಿನಲ್ಲಿ ಹೇಳಿದ್ದನ್ನು ನೀನು ಮನೆಗೆ ಬಂದು ಗಿಳಿಯ ಹಾಗೆ ಒಪ್ಪಿಸುತ್ತಿದ್ದೆ. ನಾನೇನು ಕಡಿಮೆ? ಅಂಗಡಿಗೆ ಮಾಸ್ಕಿಲ್ಲದೆ ಬಂದವರೆಲ್ಲ ನಿಮ್ಮ ಪಕ್ಷದವರೇ ಅಂದುಕೊಂಡು ಬಾಗಿಲಲ್ಲೇ ನಿಲ್ಲಿಸಿ ಬುದ್ಧಿ ಹೇಳುತ್ತಿದ್ದೆ. ನಿನ್ನನ್ನೂ ಎಷ್ಟೋ ಸಲ ಮೆಟ್ಟಿಲ ಮೇಲೇ ನಿಲ್ಲಿಸಿದೆ. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ನನಗೆ ಖುಷಿಯಿತ್ತು.

ಈಗ ನಮ್ಮ ಕಡೆಯದು ಕೇಳು. ಪ್ರತಿ ಗುರುವಾರ ಸಂಜೆ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ರೂಮಿನಲ್ಲಿ ನಮ್ಮ ಪಕ್ಷದ ಸಮಿತಿಯ ಸಭೆ. ಹನ್ನೊಂದು ಜನ, ಒಂದೇ ಕಿಟಕಿ. ಬೀದಿಯಲ್ಲಿ, ಮೆಟ್ಟಿಲಲ್ಲಿ, ಫೋಟೋದಲ್ಲಿ ಎಲ್ಲರೂ ಮಾಸ್ಕು ಹಾಕಿದವರೇ. ಒಳಗೆ ಬಂದು ಬಾಗಿಲು ಹಾಕಿದ್ದೇ ತಡ, ತೆಗೆದು ಗೋಡೆಯ ಮೊಳೆಗಳಿಗೆ ಸಿಕ್ಕಿಸುತ್ತಿದ್ದೆವು. ನಮ್ಮ ಮಾತು ಬೀದಿಗೆ ಕೇಳಬಾರದು ಅಂತ ಕಿಟಕಿಯನ್ನೂ ಮುಚ್ಚುತ್ತಿದ್ದೆವು. ನಮ್ಮವರೇ ತಾನೆ, ಎಲ್ಲ ತಿಳಿದವರೇ ತಾನೆ ಅನ್ನುತ್ತಿದ್ದರು ಕಾರ್ಯದರ್ಶಿ. ಕಾಯಿಲೆ ಸದಸ್ಯತ್ವದ ಚೀಟಿ ನೋಡಿ ಬರುತ್ತದೆ ಅನ್ನುವ ಹಾಗೆ ನಾವೂ ತಲೆಯಾಡಿಸುತ್ತಿದ್ದೆವು.

ಒಂದು ಗುರುವಾರ ಕಾರ್ಯದರ್ಶಿ ಕೆಮ್ಮುತ್ತಲೇ ಒಂದೂವರೆ ಗಂಟೆ ಮಾತಾಡಿದರು. ಎದ್ದು ಕಿಟಕಿ ತೆಗೆಯೋಣ ಅನ್ನಿಸಿತು. ಬೇಜಾರು ಮಾಡಿಕೊಂಡಾರು ಅಂತ ಸುಮ್ಮನೆ ಕೂತೆ.

ಮುಂದಿನ ಬುಧವಾರ ಒಲೆಯ ಮೇಲಿನ ಹಾಲು ಸೀದು ಕರಕಲಾಯಿತು. ನಾನು ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದೆ. ಅಪ್ಪ ಒಳಗಿನ ರೂಮಿನಿಂದ ಎದ್ದು ಬಂದು ಒಲೆ ಆರಿಸಿ, ವಾಸನೆ ಬರಲಿಲ್ವೇನೇ ಅಂದರು. ಶೀತ ಆಗಿದೆ ಅಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೋದರು. ಶುಕ್ರವಾರ ಕಾರ್ಯದರ್ಶಿಯ ಫೋನು ಬಂತು. ತಮಗೆ ಟೆಸ್ಟಿನಲ್ಲಿ ಪಾಸಿಟಿವ್ ಬಂದಿದೆ, ಹೊರಗೆ ಬಾಯಿ ಬಿಡಬೇಡಿ, ಆ ಕಡೆಯವರು ಆಡಿಕೊಂಡು ನಗ್ತಾರೆ ಅಂದರು. ನಾನು ಬಾಯಿ ಬಿಡಲಿಲ್ಲ. ಟೆಸ್ಟನ್ನೂ ಮಾಡಿಸಿಕೊಳ್ಳಲಿಲ್ಲ. ಮನೆಯಲ್ಲಿ ಎಂದಿನಂತೆ ಅಡಿಗೆ ಮಾಡಿ ಅಪ್ಪ ಅಮ್ಮನಿಗೆ ಬಡಿಸಿದೆ.

ಭಾನುವಾರ ನಾನು ಅಂಗಡಿಗೆ ಹೋಗಿದ್ದಾಗ ನೀನು ಮಾಸ್ಕಿಲ್ಲದೆ ಬಂದು ಅಪ್ಪನ ಪಕ್ಕ ಒಂದು ಗಂಟೆ ಕೂತೆ. ಮಂಗಳವಾರ ಅಪ್ಪನಿಗೆ ಜ್ವರ. ನಿನಗೆ ಜ್ವರ ಬಂದದ್ದು ಶುಕ್ರವಾರ. ಅಂದರೆ ನಿನಗೂ ಕಾಯಿಲೆ ಹತ್ತಿದ್ದು ಈ ಮನೆಯಿಂದಲೇ. ಇಷ್ಟು ಸರಳವಾದದ್ದು ಯಾರಿಗೂ ಹೊಳೆಯಲಿಲ್ಲ. ಮಾಸ್ಕು ಹಾಕದವನು ನೀನಲ್ಲವೇ! ಆಸ್ಪತ್ರೆಯ ಗೇಟಿನಲ್ಲಿ ಅಮ್ಮ ನಿನ್ನ ಕಡೆ ಬೆರಳು ತೋರಿಸಿ, ನಿನ್ನ ಪಕ್ಷ ನನ್ನ ಗಂಡನನ್ನ ನುಂಗಿತು ಅಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆಸ್ಪತ್ರೆ ಸೇರಿದ ಒಂಬತ್ತನೇ ದಿನ ಅಪ್ಪ ಹೋದರು.

ನೀನು ಹಾಗೆ ಬಂದದ್ದು ತಪ್ಪೇ. ಅದು ಸರಿ ಅನ್ನಲು ಬರೆಯುತ್ತಿಲ್ಲ. ಆದರೆ ಮಾಡದ ಕೊಲೆಗೆ ನೀನು ಮಗಳನ್ನು ಬಿಟ್ಟು ಮೆಷಿನ್ ರೂಮು ಸೇರುವುದು ಬೇಡ. ನನಗೆ ನಾಚಿಕೆಯಾಗುತ್ತಿದೆ ಕಣೋ.

ನಿನ್ನೆ ಅಮ್ಮನಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಮಡಿಸಿ ಮುಗಿಸಿ, ಅವನನ್ನ ಬಾಗಿಲಿಂದಲೇ ಎಷ್ಟು ಸಲ ಕಳಿಸಿದೀನಿ ಕಣೇ ಅಂದಳು. ಇವತ್ತು ಬೆಳಗ್ಗೆ ತನ್ನ ಕಾಫಿ ತಾನೇ ಮಾಡಿಕೊಂಡಳು. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಬಾ. ನನ್ನನ್ನು ಮಾತಾಡಿಸದಿದ್ದರೂ ಪರವಾಗಿಲ್ಲ, ಅಮ್ಮನ ಹತ್ತಿರ ಕೂತು ಹೋಗು.

ಇಂತಿ,
ನಿನ್ನ ಅಕ್ಕ

ತಾ.ಕ.: ಮಡಿಸಿದ್ದನ್ನು ಮತ್ತೆ ಬಿಚ್ಚಿದೆ. ಇದನ್ನು ಅಮ್ಮನಿಗೂ ಹೇಳಿಲ್ಲ. ಏಳನೇ ದಿನ ವಾರ್ಡಿನ ನರ್ಸು ಫೋನ್ ಮಾಡಿ ಅಪ್ಪನ ಬಾಯಿಯ ಹತ್ತಿರ ಹಿಡಿದಿದ್ದರು. ಅಪ್ಪ ಒಂದೊಂದೇ ಮಾತು ಆಡಿದರು. ಗುಬ್ಬಿಗೆ ಹೇಳು, ಅವನಿಂದ ಬಂದಿದ್ದಲ್ಲ ಅಂತ ನೀನೇ ಹೇಳು ಅಂದರು. ಹೂಂ ಅಪ್ಪ, ಈಗಲೇ ಹೇಳ್ತೀನಿ ಅಂದೆ.