ದೊಡ್ಡಪ್ಪನಿಲ್ಲದ ಮರ

ತಾಳ್ಯ, ಭಾನುವಾರ

ಶ್ರೀಮದ್ ಗಣಕಯಂತ್ರ ಸಾಮ್ರಾಜ್ಯ ಸಾರ್ವಭೌಮೆ, ಸಿ ಭಾಷಾ ವಿಶಾರದೆ, ಸೆಮಿಕೋಲನ್ ಸಂರಕ್ಷಕಿ, ದುರ್ಗದ ನಮ್ಮ ಲ್ಯಾಬಿನ ಕೊನೇ ಬೆಂಚಿನ ಪಟ್ಟದರಸಿ ಕುಮಾರಿ ಆರ್ಜೂ ಅವರ ದಿವ್ಯ ಸನ್ನಿಧಿಗೆ, ಸಹಪಾಠಿ ಪಲ್ಲವಿ ಸಲ್ಲಿಸುವ ಸಾಷ್ಟಾಂಗ ಛೀಮಾರಿ.

ಫೋನಿನಲ್ಲಿ ಬಯ್ದರೆ ನೀನು ನಗುತ್ತೀಯ. ಅದಕ್ಕೇ ಈ ಕಾಗದ.

ಥೂ! ಬೈನರಿ ಟ್ರೀ ಕಂಡುಹಿಡಿದವರು ಮರ ನೋಡಿದವರೇ ಅಲ್ಲ. ಬೇರು ಮೇಲೆ, ಎಲೆ ಕೆಳಗೆ, ಒಂದು ಕೊಂಬೆಗೆ ಎರಡೇ ಟಿಸಿಲು. ನಮ್ಮ ಹಿತ್ತಲ ನುಗ್ಗೆ ಇದನ್ನು ಕಂಡರೆ ಕ್ಯಾಕರಿಸಿ ಉಗಿದೀತು. ಪಾಯಿಂಟರಿನ ಬಾಣ ಬರೆದೂ ಬರೆದೂ ಮುದ್ದೆ ಮುರಿಯುವಾಗಲೂ ಎಡ, ಬಲ ಅನ್ನುವಂತಾಗಿ ವಾಕರಿಕೆ ಬರುತ್ತಿದೆ.

ನಾಳೆ ಲ್ಯಾಬಿನಲ್ಲಿ ತೋರಿಸಲೆಂದು ನೀನು ಕೊಟ್ಟ ಪ್ರೋಗ್ರಾಮಿಗೆ ನಮ್ಮ ಮನೆತನವನ್ನೇ ತುಂಬಿದೆ. ಅಜ್ಜನಿಗೆ ನಾಲ್ವರು ಮಕ್ಕಳು: ಹೇಮಾವತಿ ಅತ್ತೆ, ಗಂಗಾಧರಪ್ಪ ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ. ಹೊಲ ಭಾಗಕ್ಕೆ ಬೇಕಾದ ವಂಶವೃಕ್ಷದ ಪತ್ರಕ್ಕಾಗಿ ನಾಡಕಚೇರಿಗೆ ಅಲೆದು ಸುಸ್ತಾಗಿದ್ದ ದೊಡ್ಡಪ್ಪನನ್ನು ನಿನ್ನೆ ಊಟದ ಹೊತ್ತಿಗೆ ಎಲ್ಲರೆದುರು ಕೂರಿಸಿ, "ನೋಡ್ರಿ, ನಿಮ್ ವಂಶವೃಕ್ಷ ಇಲ್ಲೇ ಐತೆ" ಎಂದು ಜಂಭದಿಂದ ಗುಂಡಿ ಒತ್ತಿದೆ.

ಪರದೆ ಮೇಲೆ ಅಜ್ಜ ಬಂದರು. ಅತ್ತೆ ಬಂದರು. ಚಿಕ್ಕಪ್ಪ ಬಂದರು. ಮುಗಿಯಿತು.

ದೊಡ್ಡಪ್ಪ ಪರದೆಗೆ ಮೂಗು ತಾಗಿಸಿ ಹುಡುಕಿದರು. "ನಾನೆಲ್ಲವ್ವ?"

"ಎರಡೇ ಸಾಕು ಅಂತ ಸರ್ಕಾರ ಆಗ್ಲೇ ಹೇಳಿತ್ತಲ್ಲಣ್ಣ" ಎಂದರು ಚಿಕ್ಕಪ್ಪ.

"ಹೊಲ ಭಾಗ ಆಗೋಕ್ ಮುಂಚೇನೆ ನನ್ನ ತೆಗೆದ್ರಾ? ಆಗ್ಲಿ ಬಿಡ್ರಿ" ಎಂದು ದೊಡ್ಡಪ್ಪ ಎಲೆ ಬಿಟ್ಟು ಎದ್ದರು. ಆ ಮರದಲ್ಲಿ ನಮ್ಮಪ್ಪನೂ ಇರಲಿಲ್ಲ, ಅಪ್ಪನಿಲ್ಲದ ಮೇಲೆ ನಾನೂ ಇಲ್ಲ. ಅಪ್ಪ ಮಾತ್ರ ನಿಶ್ಚಿಂತೆಯಿಂದ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಮೂರನೇ ಮಗು ಬಂದರೆ ಎರಡನೆಯದರ ಕೈ ಬಿಡುವ, ನಾಲ್ಕನೆಯದು ಬಂದರೆ ಮೂರನೆಯದರ ಕೈ ಬಿಡುವ ಹೇಸಿಗೆ ತಂದೆಯನ್ನು ನಿನ್ನ ಪ್ರೋಗ್ರಾಮಿನಲ್ಲೇ ಕಂಡದ್ದು.

ದಿನಾ ನನ್ನನ್ನು ಬೈಕಿನಲ್ಲಿ ಬಸ್ಸಿಗೆ ಬಿಟ್ಟು, "ಸೀಟ್ ಸಿಕ್ತಾ?" ಎಂದು ಕಿಟಕಿಗೆ ಕೂಗಿ, ಬಸ್ಸಿನವರೆಲ್ಲ ನನ್ನ ಕಡೆ ತಿರುಗುವಂತೆ ಮಾಡುವವರು ದೊಡ್ಡಪ್ಪ. ನಾಳೆ ಬಿಡ್ತೀರಾ ಎಂದು ಈಗ ಕೇಳಿದರೆ, "ಮರದಾಗೇ ಇಲ್ದೋನು ಬೈಕ್ ಹೆಂಗ್ ಓಡಿಸ್ತಾನವ್ವ?" ಎಂದು ಗೋಡೆ ಕಡೆ ತಿರುಗಿ ಮಲಗಿದರು. ನಗು ಬರಬೇಕಿತ್ತು. ಬರಲಿಲ್ಲ.

ಆದಕಾರಣ, ಸಂಜೆ ದುರ್ಗಕ್ಕೆ ಹೊರಡಲಿರುವ ಪಕ್ಕದ ಮನೆ ಹಾಲೇಶಣ್ಣ ಈ ಕಾಗದ ಮುಟ್ಟಿಸಿದ ಕೂಡಲೇ ನೀನು ದೊಡ್ಡಪ್ಪನಿಗೆ ಫೋನ್ ಮಾಡಿ, ತಪ್ಪೆಲ್ಲ ನಿನ್ನ ಪ್ರೋಗ್ರಾಮಿನದೆಂದು ಒಪ್ಪಿಕೊಳ್ಳತಕ್ಕದ್ದು.

ಇಂತಿ ನಿನ್ನನ್ನು ಕಂಡು ಹೇಸಿಕೊಂಡಿರುವ,
ಪಲ್ಲವಿ

ತಾ.ಕ.: ನೀನು ಬರೆದದ್ದರಲ್ಲಿ ತಂದೆ ಹಿಡಿಯುವುದು ಹಿರಿಮಗುವಿನ ಕೈಯನ್ನು ಮಾತ್ರ, ಆ ಮಗು ಮುಂದಿನದರ ಕೈ ಹಿಡಿದು, ಅದು ತನ್ನ ಮುಂದಿನದರ ಕೈ ಹಿಡಿದು, ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಕಾಪಿ ಹೊಡೆದದ್ದು ಮೇಡಂಗೆ ಗೊತ್ತಾಗದಿರಲೆಂದು ಪ್ರೋಗ್ರಾಮಿನ ಆ ಒಂದು ಸಾಲನ್ನು ನಾನು ಬದಲಿಸಿ, ಎಲ್ಲರ ಕೈಯನ್ನೂ ತಂದೆಗೇ ಕೊಟ್ಟಿದ್ದೆ. ಈಗ ಮೊದಲಿನಂತೆ ಮಾಡಿದೆ. ದೊಡ್ಡಪ್ಪ ಅಪ್ಪನ ಕೈ ಹಿಡಿದು ನಿಂತಿದ್ದಾರೆ. ಆದರೂ ಫೋನ್ ಮಾಡಿ ನಿನ್ನದೇ ತಪ್ಪು ಅನ್ನು. ನಾಳೆ ಬಸ್ಸಿನ ಹತ್ತಿರ ಯಾರೂ ಕೂಗದಿದ್ದರೆ ನನಗೆ ಸೀಟು ಸಿಕ್ಕರೂ ಕೂರಲಾಗುವುದಿಲ್ಲ.